ವಿಮಾನದೊಳಗಿನ ಗಾಳಿಯೂ ಮಗಳ ತಲೆನೋವೂ

ಪ್ರಶ್ನೆ: ನನ್ನ ಮಗಳು ಆರು ವರ್ಷಗಳಿಂದ ಗಗನಸಖಿಯಾಗಿದ್ದಾಳೆ. ಕಳೆದ ತಿಂಗಳು ವಿಮಾನ ಇಳಿಯುವ ಹೊತ್ತಿಗೆ ಒಳಗೆಲ್ಲ ಒಗೆಯದ ಕಾಲುಚೀಲದಂಥ ವಾಸನೆ ಹಬ್ಬಿ, ಅವಳಿಗೂ ಜೊತೆಯವಳಿಗೂ ತಲೆ ಸುತ್ತಿತಂತೆ. ಮೂರು ವಾರವಾದರೂ ತಲೆನೋವು ಹೋಗಿಲ್ಲ. ಆಡುತ್ತಿದ್ದ ಮಾತು ನಡುವೆಯೇ ಮರೆತುಹೋಗುತ್ತದೆ ಎನ್ನುತ್ತಾಳೆ. ಕಂಪನಿಯ ವೈದ್ಯರು ನಿದ್ದೆಗೆಟ್ಟ ಆಯಾಸವೆಂದು ಕಳುಹಿಸಿದರು. ಇದು ವಿಷಗಾಳಿಯ ಪರಿಣಾಮವೇ? ಕೆಲಸ ಬಿಡಿಸಬೇಕೇ? ಎನ್-95 ಮುಖಗವಸು ಹಾಕಿಕೊಂಡರೆ ಸಾಕೇ?
– ಹೆಸರು ಬೇಡ, ದೇವನಹಳ್ಳಿ

ಉತ್ತರ: ಮಗಳು ಹೇಳಿದ ಆ ವಾಸನೆಯನ್ನು ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಎಂಜಿನ್ ಎಣ್ಣೆಯ ಆವಿ ಒಳಗೆ ಸೇರಿದಾಗ ಬರುವ ವಾಸನೆಯನ್ನು ವಿಮಾನ ಸಿಬ್ಬಂದಿ ಬಹುಕಾಲದಿಂದ ಹೀಗೆಯೇ ವರ್ಣಿಸುತ್ತ ಬಂದಿದ್ದಾರೆ.

ಬಹುತೇಕ ಜೆಟ್ ವಿಮಾನಗಳಲ್ಲಿ ಉಸಿರಾಟದ ಗಾಳಿ ಬರುವುದು ಎಂಜಿನ್ನಿನೊಳಗೆ ಒತ್ತಿ ಬಿಸಿಯಾದ ಗಾಳಿಯ ಒಂದು ಪಾಲಿನಿಂದ. ಅಲ್ಲಿನ ಸೀಲು ಸವೆದರೆ, ಕೆಲವೊಮ್ಮೆ ಎಂಜಿನ್ನಿನ ವೇಗ ಬದಲಾಗುವಾಗಲೂ, ಎಣ್ಣೆ ಜಿನುಗಿ ಆ ಗಾಳಿಯೊಂದಿಗೆ ಒಳಬರಬಹುದು. ಒಳಗೇ ಸುತ್ತುವ ಗಾಳಿಯನ್ನು ಸೋಸುವ ಹೆಪಾ ಫಿಲ್ಟರ್ ರೋಗಾಣುಗಳನ್ನು ಹಿಡಿಯುತ್ತದೆಯೇ ಹೊರತು ಆವಿಯನ್ನಲ್ಲ. 2011ರಲ್ಲಿ ಸೇವೆಗೆ ಬಂದ ಬೋಯಿಂಗ್ 787 ಮಾತ್ರ ಎಂಜಿನ್ನಿನಿಂದಲ್ಲದೆ ವಿದ್ಯುತ್ ಕಂಪ್ರೆಸರ್‌ಗಳ ಮೂಲಕ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಚರ್ಚೆಯೆಲ್ಲ ಹೆಚ್ಚಾಗಿ ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ರಾಸಾಯನಿಕದ ಸುತ್ತ ನಡೆದಿದೆ. ಎಂಜಿನ್ ಎಣ್ಣೆಗೆ ಸವೆತ ತಡೆಯಲೆಂದು ಇದನ್ನು ಸೇರಿಸುತ್ತಾರೆ. ಇದರ ಹಲವು ರೂಪಗಳಲ್ಲೊಂದಾದ ‘ಆರ್ಥೊ’ ನರಗಳಿಗೆ ವಿಷವೆಂಬುದರಲ್ಲಿ ಅನುಮಾನವಿಲ್ಲ: 1930ರಲ್ಲಿ ಅಮೆರಿಕದಲ್ಲಿ ಇದು ಬೆರೆತ ಶುಂಠಿಯ ಸಾರ ಕುಡಿದ ಸಾವಿರಾರು ಮಂದಿಯ ಕಾಲಿನ ಸ್ವಾಧೀನ ತಪ್ಪಿತು. ಆದರೆ ಅವರು ಅದನ್ನು ಕುಡಿದಿದ್ದರು. ಇಂದಿನ ಎಂಜಿನ್ ಎಣ್ಣೆಗಳಲ್ಲಿ ಆ ರೂಪದ ಪ್ರಮಾಣ ಅತ್ಯಲ್ಪ. ಆದ್ದರಿಂದ ಆ ಕಥೆಯನ್ನು ನೇರವಾಗಿ ವಿಮಾನಕ್ಕೆ ಅನ್ವಯಿಸುವುದು ಸರಿಯಲ್ಲ.

1999ರಲ್ಲಿ ಕೆಲವು ಸಂಶೋಧಕರು ಸಿಬ್ಬಂದಿಯ ಇಂಥ ತೊಂದರೆಗಳಿಗೆ ‘ಏರೋಟಾಕ್ಸಿಕ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವೈದ್ಯಶಾಸ್ತ್ರ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಇನ್ನೂ ಒಪ್ಪಿಲ್ಲ. ಬ್ರಿಟನ್ನಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯ 100 ಹಾರಾಟಗಳಲ್ಲಿ ಗಾಳಿಯನ್ನು ಅಳೆದು, ಮಾಲಿನ್ಯ ಸುರಕ್ಷಿತ ಮಿತಿಯೊಳಗಿದೆ ಎಂದು 2011ರಲ್ಲಿ ವರದಿ ಮಾಡಿತು. ಆದರೆ ಆ ನೂರರಲ್ಲಿ ವರದಿ ಮಾಡಲೇಬೇಕಾದಂಥ ಹೊಗೆಯ ಘಟನೆ ಒಂದೂ ನಡೆದಿರಲಿಲ್ಲ. ಸಾಮಾನ್ಯ ದಿನಗಳ ಗಾಳಿ ಚೆನ್ನಾಗಿತ್ತೆಂದು ಕೆಟ್ಟ ದಿನದ ಗಾಳಿಯ ಬಗ್ಗೆ ತೀರ್ಪು ಕೊಡಲಾದೀತೇ? 2010ರ ಡಿಸೆಂಬರಿನಲ್ಲಿ ಜರ್ಮನಿಯ ಕಲೋನ್‌ನಲ್ಲಿ ಇಳಿಯಲಿದ್ದ ಏರ್‌ಬಸ್ 319ರ ಇಬ್ಬರು ಪೈಲಟ್‌ಗಳೂ ವಾಸನೆ ಬಂದೊಡನೆ ಅಸ್ವಸ್ಥರಾಗಿ, ಆಮ್ಲಜನಕದ ಮುಖವಾಡ ಧರಿಸಿ ಬಹಳ ಕಷ್ಟದಿಂದ ಇಳಿದರು. ವಾಸನೆಯ ಮೂಲ ಮಾತ್ರ ತನಿಖೆಯಲ್ಲೂ ಖಚಿತವಾಗಲಿಲ್ಲ. ಗಾಳಿಯ ಮಾಲಿನ್ಯ ಅಳೆಯುವ ಉಪಕರಣ ವಿಮಾನಗಳಲ್ಲಿ ಸಾಮಾನ್ಯವಾಗಿ ಇಲ್ಲದಿರುವಾಗ ಸಾಕ್ಷ್ಯ ಗಾಳಿಯೊಂದಿಗೇ ಹೋಗಿಬಿಡುತ್ತದೆ.

ನಿಮ್ಮ ಮಗಳ ವಿಷಯದಲ್ಲೂ ಆಗಿರುವುದು ಇದೇ. ಎಣ್ಣೆ ಅತಿಯಾಗಿ ಕಾದಾಗ ಹುಟ್ಟಬಹುದಾದ ವಿಷಾನಿಲ ಕಾರ್ಬನ್ ಮೊನಾಕ್ಸೈಡಿನ ರಕ್ತಪರೀಕ್ಷೆ ಅಂದೇ, ಕೆಲವೇ ಗಂಟೆಗಳೊಳಗೆ ಆಗಬೇಕಿತ್ತು. ಇಂಥ ನರವಿಷಗಳು ತಗ್ಗಿಸುವ ರಕ್ತದ ಕಿಣ್ವವನ್ನು ಅಳೆಯುವ ಕೋಲಿನೆಸ್ಟರೇಸ್ ಪರೀಕ್ಷೆಗೆ ಅವಳ ಹಿಂದಿನ ಮಟ್ಟ ತಿಳಿಯದಿದ್ದರೆ ಬರುವ ಅಂಕಿಯಿಂದ ನಿರ್ಣಯಕ್ಕೆ ಬರುವುದು ಕಷ್ಟ. ಹಾಗೆಂದು ಆಯಾಸವೆಂದು ಕೈತೊಳೆದುಕೊಳ್ಳುವುದನ್ನೂ ನಾನು ಒಪ್ಪಲಾರೆ. ನರರೋಗ ತಜ್ಞರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್, ಮೈಗ್ರೇನ್, ನಿದ್ದೆಯ ಕೊರತೆ ಇವನ್ನೂ ಪರೀಕ್ಷಿಸಲಿ, ಏಕೆಂದರೆ ಪಾಳಿ ಕೆಲಸದವರಲ್ಲಿ ಇವು ಸಾಮಾನ್ಯ, ಚಿಕಿತ್ಸೆಯೂ ಇದೆ. ದಿನಾಂಕ, ವಿಮಾನದ ಸಂಖ್ಯೆ, ವಾಸನೆ ಬಂದ ಗಳಿಗೆ, ಇನ್ನಾರಿಗೆ ಏನಾಯಿತು ಎಂಬುದನ್ನು ನೆನಪು ಮಾಸುವ ಮೊದಲೇ ಬರೆದು, ಕಂಪನಿಗೆ ಲಿಖಿತವಾಗಿ ಕೊಟ್ಟು, ಅದರ ಒಂದು ಪ್ರತಿಯನ್ನು ತಾನು ಇಟ್ಟುಕೊಳ್ಳಲಿ. ತಜ್ಞರು ನೋಡುವವರೆಗೆ ರಜೆ ಸಾಕು. ಕೆಲಸ ಬಿಡಿಸುವ ತೀರ್ಮಾನ ಈಗಲೇ ಬೇಡ.

ಎನ್-95 ಎಣ್ಣೆಯ ಆವಿಯನ್ನು ತಡೆಯುವುದಿಲ್ಲ; ಆ ‘ಎನ್’ ಅಕ್ಷರದ ಅರ್ಥವೇ ಎಣ್ಣೆಯ ಕಣಗಳಿಗೆ ಅದು ತಕ್ಕುದಲ್ಲ ಎಂದು. ಆಸನಗಳ ಮೇಲಿಂದ ಬೀಳುವ ಮುಖವಾಡವೂ ಒಳಗಿನ ಗಾಳಿಯನ್ನು ಬೆರೆಸಿಯೇ ಆಮ್ಲಜನಕ ಕೊಡುತ್ತದೆ. ಮತ್ತೆ ಅದೇ ವಾಸನೆ ಬಂದರೆ ಅವಳು ಮೊದಲು ಪೈಲಟ್‌ಗೆ ತಿಳಿಸಲಿ, ಇಳಿದೊಡನೆ ಮನೆಗೆ ಬರದೆ ನೇರವಾಗಿ ಆಸ್ಪತ್ರೆಗೆ ಹೋಗಿ ರಕ್ತ ಕೊಡಲಿ.