ಹಳೇ ಪದ್ಮಿನಿಗೆ ಎಂಪಿಎಫ್‌ಐ ಇಂಜಿನ್ ಹಾಕಿದರೆ ಪೆಟ್ರೋಲ್ ಲೈನ್ ಹೇಗೆ ಎಳೆಯಬೇಕು?

ನಿಮ್ಮ ಪ್ರಶ್ನೆ ಓದಿದೆ. ಎಂಬತ್ತರ ದಶಕದ ಪ್ರೀಮಿಯರ್ ಪದ್ಮಿನಿ, ಅದಕ್ಕೆ ಮಾರುತಿ ಜಿಪ್ಸಿಯ 1.3 ಲೀಟರ್ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಇಂಜಿನ್ ಕೂರಿಸಿದ್ದೀರಿ. ಹಳೇ ಟ್ಯಾಂಕು, ಹಳೇ ಪೈಪು ಹಾಗೇ ಇದೆ, ಬಾನೆಟ್ ಒಳಗೆ ಒಂದು ಎಲೆಕ್ಟ್ರಿಕ್ ಪಂಪು ಸೇರಿಸಿದ್ದೀರಿ. ತೀರ್ಥಹಳ್ಳಿ ಪೇಟೆಯಲ್ಲಿ ಚೆನ್ನಾಗಿ ಓಡುತ್ತದೆ, ಹೆಬ್ರಿ ಕಡೆಯಿಂದ ಆಗುಂಬೆ ಘಾಟಿ ಹತ್ತುವಾಗ ಮಾತ್ರ ತಿರುವಿನಲ್ಲಿ ಎಳೆದಾಡಿ ಆಫ್ ಆಗುತ್ತದೆ. ಇನ್ನೂ ದೊಡ್ಡ ಪಂಪು ಹಾಕಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ.

ಸರಿಹೋಗುವುದಿಲ್ಲ. ನಿಮ್ಮ ತೊಂದರೆ ಪಂಪಿನದ್ದಲ್ಲ, ಟ್ಯಾಂಕಿನದ್ದು. ದೊಡ್ಡ ಪಂಪು ಹಾಕಿದರೆ ಇನ್ನೂ ಬೇಗ ಗಾಳಿ ಎಳೆಯುತ್ತದೆ, ಅಷ್ಟೇ.

ಕಾರ್ಬುರೇಟರ್ ಇಂಜಿನ್‌ನಲ್ಲಿ ಫ್ಲೋಟ್ ಬೌಲ್ ಅಂತ ಇರುತ್ತದಲ್ವಾ, ಅದರಲ್ಲಿ ಸ್ವಲ್ಪ ಪೆಟ್ರೋಲ್ ಯಾವಾಗಲೂ ನಿಂತಿರುತ್ತದೆ. ತಿರುವಿನಲ್ಲಿ ಟ್ಯಾಂಕಿನೊಳಗಿನ ಪೆಟ್ರೋಲ್ ಒಂದು ಮೂಲೆಗೆ ಹೋಗಿ ಪೈಪಿನ ಬಾಯಿ ನಾಲ್ಕೈದು ಸೆಕೆಂಡ್ ಖಾಲಿ ಬಿದ್ದರೂ ಇಂಜಿನ್‌ಗೆ ಗೊತ್ತೇ ಆಗುವುದಿಲ್ಲ. ಎಂಪಿಎಫ್‌ಐನಲ್ಲಿ ಆ ಬೌಲ್ ಇಲ್ಲ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ, ಅಂದರೆ ರೇಲಿನಲ್ಲಿ ಸುಮಾರು 3 ಬಾರ್ ಒತ್ತಡ ಇರಬೇಕು, ಹಳೇ ಮೆಕ್ಯಾನಿಕಲ್ ಪಂಪು ಕೊಡುತ್ತಿದ್ದದ್ದರ ಸುಮಾರು ಹತ್ತು ಪಟ್ಟು. ಲೈನಿಗೆ ಒಂದು ಗುಟುಕು ಗಾಳಿ ಹೋದರೂ ಒತ್ತಡ ಬಿದ್ದುಹೋಗುತ್ತದೆ, ಇಂಜಿನ್ ನಿಲ್ಲುತ್ತದೆ. ಇಂಜೆಕ್ಷನ್ ಕಾರುಗಳ ಟ್ಯಾಂಕಿನೊಳಗೆ ಪಂಪಿನ ಸುತ್ತ ಒಂದು ಬುಟ್ಟಿ ಇಟ್ಟಿರುವುದು ಇದಕ್ಕೇ. ಪದ್ಮಿನಿ ಟ್ಯಾಂಕಿನಲ್ಲಿ ಅಂಥದ್ದು ಇಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವಿನಲ್ಲಿ, ಏರಿನಲ್ಲಿ, ಅರ್ಧಕ್ಕಿಂತ ಕಡಿಮೆ ಪೆಟ್ರೋಲ್ ಇಟ್ಟುಕೊಂಡು ಹೋದರೆ ಹೀಗೆ ಆಗಲೇಬೇಕು.

ಇದಕ್ಕೆ ಪರಿಹಾರ ಸರ್ಜ್ ಟ್ಯಾಂಕ್. ಕೆಲವರು ಸ್ವರ್ಲ್ ಪಾಟ್ ಅಂತಲೂ ಕರೆಯುತ್ತಾರೆ. ಒಂದು ಒಂದೂವರೆ ಲೀಟರ್ ಹಿಡಿಯುವ, ತಂಬಿಗೆಯಷ್ಟು ಗಾತ್ರದ, ಉದ್ದಕ್ಕೆ ನಿಲ್ಲುವ ಡಬ್ಬಿ. ಹಳೇ ಟ್ಯಾಂಕಿನಿಂದ ಕಾರ್ಬುರೇಟರ್ ಗಾಡಿಗೆ ಹಾಕುವಂಥ ಸಣ್ಣ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪು ಈ ಡಬ್ಬಿಗೆ ಪೆಟ್ರೋಲ್ ತುಂಬುತ್ತಾ ಇರುತ್ತದೆ. ಡಬ್ಬಿಯ ತಳದಿಂದ ಹೈ ಪ್ರೆಶರ್ ಪಂಪು ಎಳೆದು ಇಂಜಿನ್‌ಗೆ ಕಳಿಸುತ್ತದೆ. ರೇಲಿನಿಂದ ವಾಪಸ್ ಬರುವ ಪೆಟ್ರೋಲ್ ಮತ್ತೆ ಡಬ್ಬಿಗೇ ಬೀಳಬೇಕು. ಡಬ್ಬಿಯ ನೆತ್ತಿಯಿಂದ ಇನ್ನೊಂದು ಪೈಪು ಹೆಚ್ಚಾದದ್ದನ್ನೂ ಗಾಳಿಯನ್ನೂ ಟ್ಯಾಂಕಿಗೆ ಒಯ್ಯಬೇಕು. ಈ ಪೈಪು ನೆತ್ತಿಯಲ್ಲೇ ಇರಬೇಕು, ಪಕ್ಕದಲ್ಲಿ ಕೊಟ್ಟರೆ ಮೇಲ್ಗಡೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ.

ಸಣ್ಣ ಪಂಪು ಸಾಕಾ ಅಂತ ಅನುಮಾನ ಬರಬಹುದು. ಲೆಕ್ಕ ಹಾಕಿ ನೋಡಿ. 80 ಬಿಎಚ್‌ಪಿ ಇಂಜಿನ್ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಗಂಟೆಗೆ ಸುಮಾರು 25 ಲೀಟರ್ ಕುಡಿಯುತ್ತದೆ. ಸುಮ್ನೆ 60ರ ವೇಗದಲ್ಲಿ ಹೋಗುವಾಗ ಲೀಟರಿಗೆ 12 ಕಿಲೋಮೀಟರ್ ಅಂದರೂ ಗಂಟೆಗೆ 5 ಲೀಟರ್. ಹೈ ಪ್ರೆಶರ್ ಪಂಪು ಗಂಟೆಗೆ 80-100 ಲೀಟರ್ ತಳ್ಳಬಹುದು, ಆದರೆ ಅದರಲ್ಲಿ ಬಹುಪಾಲು ಸುತ್ತು ಹೊಡೆದು ವಾಪಸ್ ಬರುತ್ತದೆ. ಸಣ್ಣ ಪಂಪು ತುಂಬಿಕೊಡಬೇಕಾದ್ದು ಇಂಜಿನ್ ಕುಡಿದಷ್ಟನ್ನು ಮಾತ್ರ. ಹಾಗಾಗಿ ನಿಮ್ಮ ಹಳೇ ಸಣ್ಣ ಪೈಪು ಕೂಡ ಟ್ಯಾಂಕಿನಿಂದ ಡಬ್ಬಿಯವರೆಗೆ ಸಾಕು, ತುಕ್ಕು ಹಿಡಿದಿರದಿದ್ದರೆ.

ಈಗ ಜಾಗ. ಪಂಪನ್ನು ಬಾನೆಟ್ ಒಳಗಿಂದ ತೆಗೆಯಿರಿ. ಈ ಪಂಪುಗಳಿಗೆ ತಳ್ಳುವ ಶಕ್ತಿ ಇದೆ, ಎಳೆಯುವ ಶಕ್ತಿ ಇಲ್ಲ. ಅಷ್ಟು ದೂರದಿಂದ ಎಳೆಸಿದರೆ, ಅದೂ ಇಂಜಿನ್ ಬಿಸಿಯ ಪಕ್ಕದಲ್ಲಿ, ಪೆಟ್ರೋಲ್ ಆವಿಯಾಗಿ ಪಂಪು ಕಿರುಚಲು ಶುರು ಮಾಡುತ್ತದೆ. ಡಬ್ಬಿ, ಪಂಪು ಎರಡೂ ಹಿಂದೆ, ಟ್ಯಾಂಕಿನ ಹತ್ತಿರ, ಸೈಲೆನ್ಸರ್ ಇಲ್ಲದ ಬದಿಯಲ್ಲಿ ಇರಲಿ. ಡಬ್ಬಿಯ ತಳಕ್ಕಿಂತ ಪಂಪು ಕೆಳಗಿರಬೇಕು. ನೆಲಕ್ಕೆ ತೀರಾ ಹತ್ತಿರವೂ ಬೇಡ, ನಮ್ಮ ತೋಟದ ದಾರಿಗಳಲ್ಲಿ ಕಲ್ಲು ಹೊಡೆಯುತ್ತದೆ. ಒಂದು ತಗಡಿನ ಗಾರ್ಡ್ ಹಾಕಿಸಿ.

ಡಬ್ಬಿಯಿಂದ ಮುಂದಕ್ಕೆ ಮಾತ್ರ ಹಳೇದು ಯಾವುದೂ ಬೇಡ. 8 ಎಂಎಂ ಸ್ಟೀಲ್ ಪೈಪು ಹೋಗುವುದಕ್ಕೆ, ವಾಪಸ್ ಬರುವುದಕ್ಕೂ ಅದೇ ಅಳತೆ ಇದ್ದರೆ ಒಳ್ಳೆಯದು, ಕಡಿಮೆ ಅಂದರೆ 6 ಎಂಎಂ. ವಾಪಸ್ ಬರುವ ಪೈಪು ಇಕ್ಕಟ್ಟಾದರೆ ರೇಲಿನ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್‌ಗೆ ಹೆಚ್ಚಾದ ಪೆಟ್ರೋಲ್ ಬಿಡಲು ಆಗುವುದಿಲ್ಲ, ರೇಲಿನ ಒತ್ತಡ ಏರಿ ಇಂಜಿನ್ ಕಪ್ಪು ಹೊಗೆ ಬಿಡುತ್ತದೆ. ಕೆಲವು ಗ್ಯಾರೇಜಿನವರು ಸುಲಭವಾಗಿ ಬಗ್ಗುತ್ತದೆ ಅಂತ ಎಸಿಯ ತಾಮ್ರದ ಪೈಪು ಹಾಕುತ್ತಾರೆ. ದಯವಿಟ್ಟು ಒಪ್ಪಬೇಡಿ. ಕಾರಿನ ನಡುಕಕ್ಕೆ ತಾಮ್ರ ಗಡುಸಾಗಿ ಬಿರುಕು ಬಿಡುತ್ತದೆ. ರಬ್ಬರ್ ಹೋಸ್ ಇಂಜಿನ್ ಹತ್ತಿರ ಮತ್ತು ಪಂಪಿನ ಎರಡು ಕಡೆ ಗೇಣುದ್ದ ಮಾತ್ರ ಇರಲಿ. ಮಳೆಗಾಲದಲ್ಲಿ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತ ಗಾಡಿಯ ರಬ್ಬರನ್ನು ಇಲಿ ಬಿಡುವುದಿಲ್ಲ, ನಿಮಗೂ ಗೊತ್ತಿರುತ್ತದೆ.

ಹೋಸ್ ವಿಷಯದಲ್ಲಿ ಒಂದು ರೂಪಾಯಿ ಕೂಡ ಉಳಿಸಬೇಡಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಹುಡುಕಿ, ಸಿಗದಿದ್ದರೆ ಬೆಂಗಳೂರಿಂದ ತರಿಸಿ, ಆದರೆ ಹೋಸಿನ ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರಬೇಕು. ಅದು ಇಂಜೆಕ್ಷನ್ ಒತ್ತಡಕ್ಕೆ ಮಾಡಿದ್ದು. ಆರ್7 ಅಂತ ಇದ್ದರೆ ಅದು ಕಾರ್ಬುರೇಟರ್‌ಗೆ. ಟ್ಯಾಂಕಿನೊಳಗೆ ಮುಳುಗಿರುವ ಹೋಸ್ ಬೇಕಾದರೆ ಅದೇ ಬೇರೆ, ಆರ್10. ಆರ್9ರ ಹೊರಮೈ ಪೆಟ್ರೋಲಿನಲ್ಲಿ ಮುಳುಗಿ ಕೂರಲು ಮಾಡಿದ್ದಲ್ಲ. ಸ್ಟೀಲ್ ಪೈಪಿನ ತುದಿಯನ್ನು ನುಣ್ಣಗೆ ಬಿಡದೆ ಸುತ್ತ ಒಂದು ಉಬ್ಬು ಮಾಡಿಸಿ, ಹೋಸ್ ಆ ಉಬ್ಬು ದಾಟಿ ಕೂತ ಮೇಲೆ ಅದರ ಹಿಂದೆ ಕ್ಲಿಪ್ ಬಿಗಿಯಿರಿ. ಕ್ಲಿಪ್ ಕೂಡ ಒಳಮೈ ನುಣ್ಣಗಿರುವ, ನಟ್ ಬೋಲ್ಟಿನದ್ದು. ಸೀಳು ಸೀಳು ಇರುವ ಪಟ್ಟಿ ಕ್ಲಿಪ್ ರಬ್ಬರನ್ನು ಕೊರೆಯುತ್ತದೆ. ಹಳೇ ಗಾಡಿಯಲ್ಲಿ ಹೋಸ್ ಸೋರಿದರೆ ಹನಿ ಹನಿ ಬೀಳುತ್ತಿತ್ತು, ಇಲ್ಲಿ ಸ್ಪ್ರೇ ಆಗಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಹೊಡೆಯುತ್ತದೆ. ಕಾರು ಹತ್ತಿ ಉರಿಯಲು ಅಷ್ಟು ಸಾಕು.

ಟ್ಯಾಂಕನ್ನು ಒಮ್ಮೆ ಇಳಿಸಲೇಬೇಕು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್. ಅದು ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ಗೋಡೆಗೆ ಅಂಟಿದ ಹಳೇ ಕೊಳೆಯನ್ನು ಬಿಡಿಸುತ್ತದೆ, ಗಾಳಿಯ ತೇವ ಹೀರುತ್ತದೆ. ನಮ್ಮ ಮಲೆನಾಡಿನ ಜೂನ್-ಜುಲೈ ತೇವದಲ್ಲಿ ಅರ್ಧ ಟ್ಯಾಂಕ್ ಇಟ್ಟು ಗಾಡಿ ನಿಲ್ಲಿಸಿದರೆ ಏನಾಗುತ್ತದೆ ಯೋಚಿಸಿ. ಟ್ಯಾಂಕಿನ ತಳದ್ದನ್ನು ಒಂದು ಗಾಜಿನ ಬಾಟಲಿಗೆ ಇಳಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೆಳಗೆ ಮಸುಕಾದ ಬೇರೆ ಪದರ ನಿಂತಿದ್ದರೆ ಅದು ನೀರು ಕುಡಿದ ಎಥೆನಾಲ್. ಅದರ ಕೆಳಗೆ ಕೆಂಪು ಪುಡಿ ಇದ್ದರೆ ತುಕ್ಕು. ಇಂಜೆಕ್ಟರ್‌ನ ತೂತಿಗೆ ಇವೆರಡೂ ಆಗಿಬರುವುದಿಲ್ಲ. ಸಣ್ಣ ಪಂಪಿನ ಮುಂಚೆ 100 ಮೈಕ್ರಾನ್‌ನ ಜರಡಿ ಫಿಲ್ಟರ್, ಹೈ ಪ್ರೆಶರ್ ಪಂಪಿನ ನಂತರ 10 ಮೈಕ್ರಾನ್‌ನ ಲೋಹದ ಫಿಲ್ಟರ್ ಇರಲಿ. ತಲೆಕೆಳಗು ಮಾಡಬೇಡಿ, ಸಣ್ಣ ತೂತಿನ 10 ಮೈಕ್ರಾನ್ ಫಿಲ್ಟರನ್ನು ಪಂಪಿನ ಮುಂಚೆ ಹಾಕಿದರೆ ಪಂಪಿಗೆ ಉಸಿರು ಕಟ್ಟುತ್ತದೆ.

ಡಬ್ಬಿಯ ನೆತ್ತಿಯಿಂದ ಬರುವ ಪೈಪಿಗೆ ಟ್ಯಾಂಕಿನಲ್ಲಿ ನಿಪ್ಪಲ್ (ಹೋಸ್ ಸಿಕ್ಕಿಸುವ ಗಿಡ್ಡ ಕೊಳವೆ) ಕೂರಿಸಲು ಅದರ ಮೇಲೆ ವೆಲ್ಡಿಂಗ್ ಮಾಡಿಸಬೇಡಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಪೂರ್ತಿ ಆವಿ ಇರುತ್ತದೆ, ಒಂದು ಕಿಡಿಗೆ ಸಿಡಿಯುತ್ತದೆ. ತೊಳೆದಿದ್ದೀನಿ ಅಂತ ಯಾರಾದರೂ ಹೇಳಿದರೂ ನಂಬಬೇಡಿ, ಜೋಡಣೆಯ ಸಂದಿಯಲ್ಲಿ ಪೆಟ್ರೋಲ್ ಉಳಿದಿರುತ್ತದೆ. ಪೆಟ್ರೋಲ್ ಗೇಜಿನ ಫ್ಲೋಟ್ ಇರುವ ತಟ್ಟೆ ಸ್ಕ್ರೂ ಬಿಚ್ಚಿದರೆ ಹೊರಗೆ ಬರುತ್ತದೆ. ಆ ತಟ್ಟೆಯಿಂದ ಫ್ಲೋಟ್ ಮತ್ತು ವೈರ್ ತೆಗೆದು, ಟ್ಯಾಂಕಿನಿಂದ ದೂರ ಒಯ್ದು, ಅದಕ್ಕೇ ನಿಪ್ಪಲ್ ಬ್ರೇಸಿಂಗ್ (ಹಿತ್ತಾಳೆ ಬೆಸುಗೆ) ಮಾಡಿಸಿ. ಟ್ಯಾಂಕಿಗೆ ಬೆಂಕಿ ತಾಗುವ ಪ್ರಶ್ನೆಯೇ ಇಲ್ಲ. ಟ್ಯಾಂಕಿಗೆ ಗಾಳಿ ಹೋಗುವ ದಾರಿ ತೆರೆದಿದೆಯಾ ಅಂತಲೂ ನೋಡಿಕೊಳ್ಳಿ.

ವೈರಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪಂಪಿಗೆ ಕೀಯಿಂದ ನೇರ ಕರೆಂಟ್ ಕೊಟ್ಟಿದ್ದರೆ ಇವತ್ತೇ ಬದಲಿಸಿ. ಗಾಡಿ ಎಲ್ಲೋ ಗುದ್ದಿ ಇಂಜಿನ್ ನಿಂತರೂ ಕೀ ಆನ್ ಇರುವವರೆಗೆ ಪಂಪು 3 ಬಾರ್‌ನಲ್ಲಿ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಜಿಪ್ಸಿಯ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಪಂಪಿಗೆ ಕರೆಂಟ್ ಕೊಟ್ಟು ನಿಲ್ಲಿಸುವ ರಿಲೇಯನ್ನು ತಾನೇ ನೋಡಿಕೊಳ್ಳುತ್ತದೆ. ಕೀ ತಿರುಗಿಸಿದಾಗ ಎರಡು ಮೂರು ಸೆಕೆಂಡ್ ಓಡಿಸಿ ನಿಲ್ಲಿಸುತ್ತದೆ, ಇಂಜಿನ್ ತಿರುಗಿದರೆ ಮಾತ್ರ ಮತ್ತೆ ಓಡಿಸುತ್ತದೆ. ಸಣ್ಣ ಪಂಪನ್ನೂ ಅದೇ ರಿಲೇಯ ಸಂಕೇತಕ್ಕೆ ಸೇರಿಸಿ, ಎರಡಕ್ಕೂ ಬೇರೆ ಬೇರೆ ಫ್ಯೂಸ್ ಕೊಡಿ. ಗುದ್ದಿದಾಗ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಸಿಕ್ಕರೆ ಅದನ್ನೂ ಹಾಕಿ.

ಎಲ್ಲ ಮುಗಿದ ಮೇಲೆ ಫಿಲ್ಟರ್ ಮತ್ತು ರೇಲಿನ ನಡುವೆ ಪ್ರೆಶರ್ ಗೇಜ್ ಕಟ್ಟಿ ನೋಡಿ. ಇಂಜಿನ್ ನಿಂತಿರುವಾಗ ಪಂಪು ಓಡಿದರೆ 2.7ರಿಂದ 3.1 ಬಾರ್ ತೋರಿಸಬೇಕು. ಐಡ್ಲಿಂಗ್‌ನಲ್ಲಿ ಸ್ವಲ್ಪ ಇಳಿಯಬೇಕು, ರೆಗ್ಯುಲೇಟರ್‌ನ ವ್ಯಾಕ್ಯೂಮ್ ಪೈಪು ಕಿತ್ತರೆ ತಟ್ಟನೆ ಏರಬೇಕು. ಏರದಿದ್ದರೆ ರೆಗ್ಯುಲೇಟರ್ ಅಥವಾ ವ್ಯಾಕ್ಯೂಮ್ ಪೈಪು ನೋಡಿ. ಆಫ್ ಮಾಡಿದ ತಕ್ಷಣ ಸೊನ್ನೆಗೆ ಬಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಹೋಗಿದೆ. ಹೊರಗೆ ಸೋರುತ್ತಿಲ್ಲ ಅಂತ ಒಣ ಬಟ್ಟೆಯಿಂದ ಪ್ರತಿ ಜಾಯಿಂಟ್ ಒರೆಸಿ ಖಚಿತ ಮಾಡಿಕೊಂಡ ಮೇಲೆ, ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇಟ್ಟುಕೊಂಡೇ ಸೋಮೇಶ್ವರಕ್ಕೆ ಇಳಿದು ಹತ್ತಿ ನೋಡಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತೆ ಇಡಿ.

ಇಂಜಿನ್ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಅದು ಆಗಿಲ್ಲದಿದ್ದರೆ ಪೈಪಿನ ಕೆಲಸಕ್ಕೆ ಕೈ ಹಾಕುವ ಮುಂಚೆ ಅಲ್ಲಿ ಕೇಳಿಕೊಂಡು ಬನ್ನಿ. ರೇಲ್ ಮತ್ತು ಟ್ಯಾಂಕಿನ ಕೆಳಭಾಗದ ಫೋಟೋ ಹಾಕಿದರೆ ಡಬ್ಬಿ ಎಲ್ಲಿ ಕೂರುತ್ತದೆ ಅಂತ ನೋಡಿ ಹೇಳುತ್ತೇನೆ.