ಸಿಲಾಜಿಸಂ (ಕೊಟ್ಟ ಹೇಳಿಕೆಗಳಿಂದ ತೀರ್ಮಾನ ಹೊರಡಿಸುವ ತರ್ಕ): ‘1 ಅಥವಾ 2’ ಎಂಬ ಉತ್ತರ ಯಾವಾಗ ಸರಿ?

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಹೇಳಿಕೆಗಳು: ಎಲ್ಲ ಪೆನ್ನುಗಳು ಡಬ್ಬಿಗಳು, ಕೆಲವು ಡಬ್ಬಿಗಳು ಬುಟ್ಟಿಗಳು. ತೀರ್ಮಾನ 1: ಕೆಲವು ಪೆನ್ನುಗಳು ಬುಟ್ಟಿಗಳು. ತೀರ್ಮಾನ 2: ಯಾವ ಪೆನ್ನೂ ಬುಟ್ಟಿಯಲ್ಲ. ‘ಎರಡೂ ಅನುಸರಿಸುವುದಿಲ್ಲ’ ಎಂದು ಬರೆದೆ. ಕೀ ಉತ್ತರದಲ್ಲಿ ‘1 ಅಥವಾ 2’ ಎಂದಿದೆ. ಹೇಗೆ?
– ಓದುಗರು, ಹಾವೇರಿ

ಉತ್ತರ: ಅರ್ಧ ದಾರಿ ನೀವು ಸರಿಯಾಗಿಯೇ ಬಂದಿದ್ದೀರಿ. ಪೆನ್ನಿನ ವೃತ್ತವನ್ನು ಡಬ್ಬಿಯ ವೃತ್ತದೊಳಗೆ ಬರೆಯಿರಿ. ಬುಟ್ಟಿಯ ವೃತ್ತ ಡಬ್ಬಿಯನ್ನು ಕತ್ತರಿಸಲೇಬೇಕು. ಆದರೆ ಪೆನ್ನನ್ನು ಮುಟ್ಟಬೇಕೋ ಬೇಡವೋ ಎಂದು ಹೇಳಿಕೆಯಲ್ಲಿಲ್ಲ. ಹಾಗಾಗಿ ಚಿತ್ರ ಎರಡು ಬೇಕು. ಬುಟ್ಟಿ ಪೆನ್ನನ್ನು ಮುಟ್ಟಿದರೆ ತೀರ್ಮಾನ 2 ಬಿತ್ತು, ಮುಟ್ಟದಿದ್ದರೆ 1 ಬಿತ್ತು. ಬಿಡಿಬಿಡಿಯಾಗಿ ಎರಡೂ ನಿಲ್ಲುವುದಿಲ್ಲ. ಇಲ್ಲಿಗೇ ನಿಲ್ಲಿಸಬೇಡಿ: ಎರಡೂ ಒಟ್ಟಿಗೆ ಬೀಳುವ ಮೂರನೇ ಚಿತ್ರ ಬರೆಯಲು ಆಗುತ್ತದೆಯೇ ನೋಡಿ. ಆಗುವುದಿಲ್ಲ. ಒಂದು ಪೆನ್ನಾದರೂ ಬುಟ್ಟಿಯಾಗಿರಬೇಕು, ಇಲ್ಲವೇ ಒಂದೂ ಆಗಿರಬಾರದು. ಅದಕ್ಕೇ ‘1 ಅಥವಾ 2’.

ಪರೀಕ್ಷೆಯಲ್ಲಿ ಈ ಕ್ರಮದಲ್ಲಿ ನೋಡಿ: ಎರಡೂ ತೀರ್ಮಾನಗಳಲ್ಲಿ ಅದೇ ಎರಡು ಪದಗಳಿವೆಯೇ? ಎರಡರಲ್ಲಿ ಒಂದೂ ಖಚಿತವಾಗಿ ಹೊರಡುವುದಿಲ್ಲ ತಾನೆ? ಜೋಡಿ ‘ಕೆಲವು–ಯಾವುದೂ ಅಲ್ಲ’ ಅಥವಾ ‘ಎಲ್ಲ–ಕೆಲವು ಅಲ್ಲ’ ಎಂಬುದೇ? ಹೆಚ್ಚಿನವರು ಎಡವುವುದು ಕೊನೆಯದರಲ್ಲಿ. ‘ಎಲ್ಲ ಪೆನ್ನುಗಳು ಬುಟ್ಟಿಗಳು’, ‘ಯಾವ ಪೆನ್ನೂ ಬುಟ್ಟಿಯಲ್ಲ’ ಎಂಬುದು ಜೋಡಿಯಲ್ಲ. ಅರ್ಧ ಪೆನ್ನುಗಳಷ್ಟೇ ಬುಟ್ಟಿಗಳಾದರೆ ಎರಡೂ ಸುಳ್ಳು. ಪದಗಳ ಕ್ರಮವೂ ಮುಖ್ಯ. ‘ಕೆಲವು–ಯಾವುದೂ ಅಲ್ಲ’ ಜೋಡಿಯಲ್ಲಿ ಪದಗಳು ಹಿಂದುಮುಂದಾದರೆ ತೊಂದರೆಯಿಲ್ಲ. ‘ಎಲ್ಲ ಪೆನ್ನುಗಳು ಬುಟ್ಟಿಗಳು’ ಎಂಬುದಕ್ಕೆ ಜೋಡಿ ‘ಕೆಲವು ಪೆನ್ನುಗಳು ಬುಟ್ಟಿಗಳಲ್ಲ’ ಮಾತ್ರ. ‘ಕೆಲವು ಬುಟ್ಟಿಗಳು ಪೆನ್ನುಗಳಲ್ಲ’ ಎಂದಿದ್ದರೆ ಜೋಡಿ ಮುರಿಯಿತು.

ಪ್ರಶ್ನೆ: ‘ಕೆಲವು’, ‘ಕೆಲವೇ ಕೆಲವು’ ಎರಡಕ್ಕೂ ಒಂದೇ ಚಿತ್ರ ಸಾಕೇ?
– ಓದುಗರು, ಮಂಡ್ಯ

ಉತ್ತರ: ಸಾಲದು. ‘ಕೆಲವು’ ಎಂದರೆ ಕನಿಷ್ಠ ಒಂದು, ಎಲ್ಲವೂ ಆಗಿರಬಹುದು. ‘ಕೆಲವೇ ಕೆಲವು ಅಂಗಡಿಗಳು ಹೋಟೆಲುಗಳು’ ಎಂದರೆ ಒಂದರಲ್ಲಿ ಎರಡು ಹೇಳಿಕೆ: ಕೆಲವು ಹೌದು, ಕೆಲವು ಖಂಡಿತ ಅಲ್ಲ. ಆದ್ದರಿಂದ ‘ಎಲ್ಲ ಅಂಗಡಿಗಳೂ ಹೋಟೆಲಾಗುವ ಸಾಧ್ಯತೆ ಇದೆ’ ಎಂಬ ತೀರ್ಮಾನ ತಪ್ಪು. ‘ಎಲ್ಲ ಹೋಟೆಲುಗಳೂ ಅಂಗಡಿಯಾಗುವ ಸಾಧ್ಯತೆ ಇದೆ’ ಎಂಬುದು ಸರಿ, ಏಕೆಂದರೆ ನಿರ್ಬಂಧ ಇರುವುದು ಅಂಗಡಿಗಳ ಮೇಲೆ ಮಾತ್ರ. ಅಂಗಡಿಯ ವೃತ್ತದಲ್ಲಿ ಹೋಟೆಲಿನ ಹೊರಗೆ ಬೀಳುವ ಭಾಗಕ್ಕೆ ಒಂದು ಅಡ್ಡಗುರುತು ಹಾಕಿಕೊಳ್ಳಿ, ಅವಸರದಲ್ಲೂ ಮರೆಯುವುದಿಲ್ಲ.

ಪ್ರಶ್ನೆ: ನಾನು ಗಣಿತದ ವಿದ್ಯಾರ್ಥಿನಿ. ‘ಎಲ್ಲ ಅ ಬ’ ಎಂಬುದರಿಂದ ‘ಕೆಲವು ಬ ಅ’ ಹೇಗೆ ಬರುತ್ತದೆ? ಅ ಶೂನ್ಯ ಗಣವಾದರೆ, ಅಂದರೆ ಅದರಲ್ಲಿ ಒಂದೂ ವಸ್ತು ಇಲ್ಲದಿದ್ದರೆ?
– ಓದುಗರು, ಧಾರವಾಡ

ಉತ್ತರ: ನಿಮ್ಮ ಸಂಶಯ ನ್ಯಾಯವಾದದ್ದೇ. ಆಧುನಿಕ ತರ್ಕದಲ್ಲಿ ಅದು ಬರುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳು ಅನುಸರಿಸುವುದು ಅರಿಸ್ಟಾಟಲ್‌ನಿಂದ ಬಂದ ಹಳೆಯ ಪದ್ಧತಿ. ಅಲ್ಲಿ ಹೆಸರಿಸಿದ ಪ್ರತಿ ಗುಂಪಿನಲ್ಲೂ ಒಂದಾದರೂ ವಸ್ತು ಇದೆ ಎಂದೇ ಲೆಕ್ಕ. ಪರೀಕ್ಷೆಯಲ್ಲಿ ‘ಕೆಲವು ಬ ಅ’ ಅನುಸರಿಸುತ್ತದೆ ಎಂದೇ ಗುರುತು ಹಾಕಿ.