ಬಚ್ಚಲ ಮೇಲಿರೋದು ಎಂಬತ್ತರ ದಶಕದ, ಬೂದು ಬಣ್ಣದ, ಅಲೆ ಅಲೆಯಾದ ಸಿಮೆಂಟ್ ಶೀಟು. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದಾ? ಅದು ಬ್ಯಾನ್ ಆದ ವಸ್ತು ಅಲ್ವಾ? ಚೂರು ಮುರಿದು ಲ್ಯಾಬಿಗೆ ಕಳಿಸಲಾ, ಇಲ್ಲ ಈ ವಾರವೇ ತೆಗೆಸಿಬಿಡಲಾ? ಮೇಸ್ತ್ರಿ ನಾಳೆ ಬರ್ತೀನಿ ಅಂದಿದ್ದಾನೆ.

ಎರಡೂ ಬೇಡ. ಮೊದಲು ಮೇಸ್ತ್ರಿಗೆ ಫೋನ್ ಮಾಡಿ ನಾಳೆ ಬರಬೇಡಪ್ಪ ಅನ್ನಿ, ಆಮೇಲೆ ಮುಂದೆ ಓದಿ.

ನಮ್ಮದು ತಿಪಟೂರು ಕಡೆ, ಅಪ್ಪ 1986ರಲ್ಲಿ ಕಟ್ಟಿಸಿದ ಮನೆ. ಮುಂದಕ್ಕೆ ಆರ್‌ಸಿಸಿ, ದುಡ್ಡು ಸಾಲದೆ ಹಿಂದಿನ ಅಡುಗೆಮನೆ, ಬಚ್ಚಲಿಗೆ ಸಿಮೆಂಟ್ ಶೀಟು. ನಾಲ್ಕು ವರ್ಷದ ಹಿಂದೆ ಅದನ್ನ ತೆಗೆಸಿ ಮೋಲ್ಡ್ ಹಾಕಿಸೋಣ ಅಂತ ಹೊರಟೆ. ಶೀಟನ್ನ ಹಿಡಿದಿಡುವ ಕೊಕ್ಕೆಯಂಥ ಜೆ ಬೋಲ್ಟುಗಳೆಲ್ಲ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. "ಸಾರ್, ಒಂದೊಂದೇ ಬಿಚ್ತಾ ಕೂತ್ರೆ ಎರಡು ದಿನ. ಮೆಷಿನ್ ಹಾಕಿದ್ರೆ ಮಧ್ಯಾಹ್ನದೊಳಗೆ ಕ್ಲೀನ್" ಅಂದ ಮೇಸ್ತ್ರಿ. ಒಂದು ದಿನದ ಕೂಲಿ ಉಳಿಯುತ್ತಲ್ಲ ಅಂತ ನಾನೇ "ಹಾಕಿ" ಅಂದೆ.

ಆ "ಹಾಕಿ" ಅನ್ನೋದೇ ನಾನು ಮಾಡಿದ ತಪ್ಪು. ಶೀಟು ಗಟ್ಟಿಯಾಗಿರುವವರೆಗೆ ಕಲ್ನಾರಿನ ಎಳೆಗಳು ಸಿಮೆಂಟಿನಲ್ಲೇ ಹೂತಿರುತ್ತವೆ, ನಿಮ್ಮ ತಂಟೆಗೆ ಬರಲ್ಲ. ಮೇಸ್ತ್ರಿಯ ಆ ಮೆಷಿನ್, ಅಂದ್ರೆ ಕತ್ತರಿಸುವ ಗ್ರೈಂಡರ್, ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಮೇಲೆ ತಿರುಗುತ್ತೆ. ಸಿಮೆಂಟನ್ನೂ ಎಳೆಯನ್ನೂ ಸೇರಿಸಿ ಹಿಟ್ಟು ಮಾಡುತ್ತೆ. ಕಣ್ಣಿಗೆ ಕಾಣುವ ಧೂಳು ನೆಲಕ್ಕೆ ಬಿದ್ದರೂ, ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣಗಿರುವ ಎಳೆಗಳು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ. ಒಳಗೆ ಹೋದದ್ದು ಶ್ವಾಸಕೋಶದಲ್ಲಿ ಕರಗಲ್ಲ. ಕಾಯಿಲೆ ಬಂದರೂ ಸಾಮಾನ್ಯವಾಗಿ 20–40 ವರ್ಷ ಕಳೆದ ಮೇಲೆ. ನೀರು ಹಾಕಿದ್ವಾ? ಇಲ್ಲ. ಅಡುಗೆಮನೆ ಸಾಮಾನು ಹೊರಗಿಟ್ಟಿದ್ವಾ? ಅದೂ ಇಲ್ಲ, ಒಂದು ಹಳೇ ಸೀರೆ ಹೊದಿಸಿದ್ವಿ ಅಷ್ಟೆ. ಸಂಜೆ ಕುಕ್ಕರ್ ಮುಚ್ಚಳದ ಮೇಲೆ ಬೆರಳಲ್ಲಿ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲುತ್ತಿತ್ತು.

ಅಮ್ಮ ಸೆರಗು ಮೂಗಿಗೆ ಕಟ್ಟಿಕೊಂಡು ಗುಡಿಸೋಕೆ ಶುರು ಮಾಡಿದ್ರು. ಅಷ್ಟೊತ್ತಿಗೆ ಭಾವ ಬಂದ, ಫ್ಯಾಕ್ಟರಿಯಲ್ಲಿ ಸೇಫ್ಟಿ ನೋಡಿಕೊಳ್ಳುವವನು. ಬಾಗಿಲಲ್ಲೇ ನಿಂತು "ಅತ್ತೆ, ಪೊರಕೆ ಕೆಳಗಿಡಿ!" ಅಂತ ಕೂಗಿದ. ಅವನು ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಎರಡು ದಿನ ಒದ್ದೆ ಬಟ್ಟೆಯಲ್ಲಿ ಗೋಡೆ, ನೆಲ, ಡಬ್ಬ ಒರೆಸಿದ್ದೇ ಒರೆಸಿದ್ದು. ತೆರೆದಿದ್ದ ರಾಗಿ, ಬೇಳೆ, ಎರಡು ಹಾಸಿಗೆ ಎಲ್ಲ ಹೋಯ್ತು. ಉಳಿಸಿದ ಕೂಲಿಯ ಹತ್ತು ಪಟ್ಟು ಕೈಬಿಟ್ಟಿತು.

ಎದೆರೋಗದ ಡಾಕ್ಟರ ಹತ್ರವೂ ಹೋದೆ. ಒಂದು ದಿನದ ಧೂಳಿಗೆ ಅಪಾಯ ಕಡಿಮೆ, ಈಗ ಎಕ್ಸ್‌ರೇ ತೆಗೆದರೆ ಏನೂ ಕಾಣಲ್ಲ, ಸಿಗರೇಟು ಮಾತ್ರ ಬಿಡಿ ಅಂದ್ರು. ನಿಜವಾದ ಅಪಾಯ ದಿನಾ ಇದನ್ನೇ ಕತ್ತರಿಸುವ ಆ ಮೇಸ್ತ್ರಿಗೆ. ಅವನ ಮೂಗಿಗೆ ಇದ್ದದ್ದು ಒಂದು ಟವೆಲ್ಲು.

ನಿಮ್ಮ ಪ್ರಶ್ನೆಗೆ ಬರ್ತೀನಿ. ಎಂಬತ್ತರ ದಶಕದ ಬೂದು ಬಣ್ಣದ, ಅಲೆ ಅಲೆಯಾದ ಶೀಟು ಅಂತೀರಿ. ಅದಕ್ಕೆ ಟೆಸ್ಟ್ ಯಾಕೆ? ಇದೆ ಅಂತಲೇ ಇಟ್ಟುಕೊಳ್ಳಿ. ಚೂರು ಮುರಿಯೋದೇ ಬೇಡದ ಕೆಲಸ. "ಬ್ಯಾನ್ ಆದ ವಸ್ತು" ಅಂತಲೂ ಬರೆದಿದ್ದೀರಿ. 60ಕ್ಕೂ ಹೆಚ್ಚು ದೇಶಗಳಲ್ಲಿ ನಿಷೇಧ ಇರೋದು ನಿಜ. ನಮ್ಮಲ್ಲಿಲ್ಲ, ಬಿಳಿ ಕಲ್ನಾರು ರಷ್ಯಾದಂಥ ಕಡೆಯಿಂದ ಇವತ್ತಿಗೂ ಬರುತ್ತೆ, ಶೀಟಾಗಿ ಅಂಗಡಿಯಲ್ಲಿ ಮಾರಾಟವಾಗುತ್ತೆ.

ಬಿರುಕಿಲ್ಲ, ಸೋರಲ್ಲ ಅಂದ್ರೆ ಮುಟ್ಟಲೇಬೇಡಿ. ಪಾಚಿ ಅಂತ ಕೆರೆಯೋದೂ ಬೇಡ. ತೆಗೆಯಲೇಬೇಕಾದರೆ ನೀರಿಗೆ ಸ್ವಲ್ಪ ಸೋಪು ಬೆರೆಸಿ ನೆನೆಸುತ್ತಾ ಇರಿ, ಹ್ಯಾಕ್ಸಾದಲ್ಲಿ ಬೋಲ್ಟ್ ಕತ್ತರಿಸಿ, ಶೀಟನ್ನಲ್ಲ. ಇಡೀ ಶೀಟನ್ನ ಇಬ್ಬರು ಹಿಡಿದು ಇಳಿಸಲಿ, ಎಲ್ಲರಿಗೂ ಸಣ್ಣ ಎಳೆಗಳನ್ನೂ ತಡೆಯುವ ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಇರಲಿ. ಎರಡು ಪದರ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಎಲ್ಲಿಗೆ ಸಾಗಿಸಬೇಕು ಅಂತ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿ. ಪಕ್ಕದವರ ಕೋಳಿಗೂಡಿಗೆ ದಾನ ಮಾಡಬೇಡಿ. ಕೆಲಸದ ಬಟ್ಟೆ ಒದರದೆ ಬೇರೆಯಾಗಿ ಒಗೆಯಿರಿ.

ಮಕ್ಕಳನ್ನ ಆವತ್ತು ಅಜ್ಜಿ ಮನೆಗೆ ಕಳಿಸಿಬಿಡಿ. ನನ್ನ ಮಗಳು ಅಂಗಳದಲ್ಲಿ ಬಿದ್ದಿದ್ದ ಒಂದು ಚೂರನ್ನ ಕುಂಟೆಬಿಲ್ಲೆಗೆ ಚೆನ್ನಾಗಿದೆ ಅಂತ ಎತ್ತಿಟ್ಟುಕೊಂಡಿದ್ದಳು. ಎರಡು ವಾರದ ಮೇಲೆ ಅವಳ ಸ್ಕೂಲ್ ಬ್ಯಾಗಿನಲ್ಲಿ ಸಿಕ್ಕಿತು.